ಉಸಿರಿನ ಜಾಗ

ಮೂರು ವರ್ಷದ ಹಿಂದೆ ಶೈಲಜಾಳ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಬಳ್ಳಾರಿಯ ಡಾಕ್ಟರು ಥೈರಾಯ್ಡ್ ಅಂದರು, ತೆಗೆಸಲೇಬೇಕು ಅಂದರು. ಆಪರೇಷನ್ನಿನ ಹಿಂದಿನ ದಿನ ಕುರ್ಚಿ ಎಳೆದುಕೊಂಡು ಎದುರು ಕೂತು ಇನ್ನೊಂದು ಮಾತನ್ನೂ ಹೇಳಿದರು. ಗಂಟು ಧ್ವನಿಯ ನರಕ್ಕೆ ಅಂಟಿಕೊಂಡಿದೆ, ಜೀವಕ್ಕೆ ಭಯವಿಲ್ಲ, ಆದರೆ ಧ್ವನಿಯ ಬಗ್ಗೆ ಮಾತು ಕೊಡಲಾರೆ. ಸುಳ್ಳು ಧೈರ್ಯ ಹೇಳದ ಆ ಡಾಕ್ಟರನ್ನು ಶೈಲಜಾ ಇವತ್ತಿಗೂ ನೆನೆಸಿಕೊಳ್ಳುತ್ತಾಳೆ.

ಜೀವ ಉಳಿಯಿತು. ಎರಡು ಸ್ವರತಂತುಗಳಲ್ಲಿ ಎಡಗಡೆಯದು ಅಲುಗಾಡುವುದನ್ನು ನಿಲ್ಲಿಸಿತು. ಬಾಯಿ ತೆರೆದರೆ ಗಾಳಿಯೇ ಹೆಚ್ಚು, ಮಾತು ಕಡಿಮೆ. ನಾಲ್ಕು ಪದ ಆಡುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಸಂಗೀತ ಕಲಿಸಿದವಳನ್ನು ಅಲ್ಲಿಯವರು ಗೌರವದಿಂದಲೇ ಲೈಬ್ರರಿಗೆ ಹಾಕಿದರು. ಅಲ್ಲಿ ಹೇಗೂ ಯಾರೂ ಜೋರಾಗಿ ಮಾತಾಡುವ ಹಾಗಿರಲಿಲ್ಲ.

ಮನೆಯ ಕೆಳಗಿನ ಅಂತಸ್ತಿನಲ್ಲಿ ಗಂಡ ಅಮರೇಶ್ ಜೀನ್ಸ್ ಹೊಲಿಯುವ ಯೂನಿಟ್ ನಡೆಸುತ್ತಿದ್ದ. ಹನ್ನೆರಡು ಮಷೀನುಗಳ ಸದ್ದಿನಲ್ಲಿ ಅವಳ ಮಾತು ಯಾರಿಗೂ ಕೇಳುವಂತಿರಲಿಲ್ಲ. ಆಪರೇಷನ್ ಆದ ಮೇಲೆ ಅವನು ಒಂದು ಪದ್ಧತಿ ಮಾಡಿದ. ಅವಳು ಮೆಟ್ಟಿಲ ಮೇಲೆ ಬಂದು ಕೈ ಎತ್ತಿದರೆ ಹನ್ನೆರಡು ಮಷೀನೂ ನಿಲ್ಲಬೇಕು. ಊಟಕ್ಕೆ ಬಾ ಅನ್ನುವ ಎರಡು ಪದಕ್ಕಾಗಿ ಎಲ್ಲರೂ ಪೆಡಲಿನಿಂದ ಕಾಲು ಎತ್ತಿ ಕೂರುತ್ತಿದ್ದರು. ಅದಕ್ಕೆ ಅವಳಿಗೆ ನಾಚಿಕೆಯೂ ಆಗುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ತಂಬೂರಿಗೆ ಮಾತ್ರ ಗವಸು ಹಾಕಿ ಅಟ್ಟಕ್ಕೆ ಏರಿಸಿಬಿಟ್ಟಿದ್ದಳು.

ಹೋದ ವರ್ಷ ಸಂಕ್ರಾಂತಿ ಮುಗಿದ ವಾರ ಕೊಟ್ರಬಸಪ್ಪ ಮೇಷ್ಟ್ರು ಕುರುಗೋಡಿನಿಂದ ಬಸ್ಸು ಹತ್ತಿ ಒಬ್ಬರೇ ಬಂದರು. ವಯಸ್ಸು ಎಂಬತ್ತೆರಡು. ಶೈಲಜಾ ಹುಟ್ಟಿ ಬೆಳೆದದ್ದು ಕುರುಗೋಡಿನಲ್ಲಿ. ಎಂಟನೆಯ ವಯಸ್ಸಿನಿಂದ ಹತ್ತೊಂಬತ್ತರವರೆಗೆ ಹಾಡು ಕಲಿತದ್ದು ಅವರ ಕೈಯಲ್ಲಿ. ಮೇಷ್ಟ್ರು ಕುಡಿದ ನೀರಿನ ಚೊಂಬನ್ನು ಕೆಳಗಿಟ್ಟು, ಚೀಲದಿಂದ ಗೇಣುದ್ದದ ಒಂದು ಕಬ್ಬಿಣದ ಕೀಲಿಕೈ ತೆಗೆದು ಅವಳ ಮುಂದಿಟ್ಟರು.

"ಶೈಲಾ, ಹಾಡಿನ ಸಾಲಿ ಮತ್ತ ನಮ್ಮ ಕೈಗೆ ಬಂತವ್ವ. ಮೆಣಸಿನಕಾಯಿ ವ್ಯಾಪಾರದಾರು ಗೋದಾಮು ಖಾಲಿ ಮಾಡಿದ್ರು."

ಹಾಡಿನ ಸಾಲಿ ಅಂದರೆ ಕುರುಗೋಡಿನ ಗಾನಶಾಲೆ. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಒಬ್ಬ ಹತ್ತಿ ವ್ಯಾಪಾರಿ ಕಟ್ಟಿಸಿದ್ದು. ರಾತ್ರಿಯಿಡೀ ನಡೆಯುವ ಬಯಲಾಟವಾದ ದೊಡ್ಡಾಟದ ಹಾಡಿಗೆ ಈ ಕಡೆ ದರುವು ಅನ್ನುತ್ತಾರೆ. ಸುತ್ತಲ ಹಳ್ಳಿಗಳ ಆಟದ ಮೇಷ್ಟ್ರುಗಳನ್ನು ಕರೆಸಿ, ಅವರ ಬಾಯಲ್ಲಿದ್ದ ಅರವತ್ತು ಹಳೆಯ ದರುವುಗಳನ್ನು ಕೂಡಿಸಿ, ಅವು ಕಳೆದುಹೋಗಬಾರದೆಂದು ಅಲ್ಲಿ ಹಾಡು, ಮದ್ದಳೆ, ಹೆಜ್ಜೆ ಮೂರನ್ನೂ ಕಲಿಸುತ್ತಿದ್ದರು. ಇಪ್ಪತ್ತಾರು ವರ್ಷದ ಹಿಂದೆ ಕಲಿಯುವವರೇ ಇಲ್ಲದೆ ಬಾಗಿಲು ಹಾಕಿತು. ಆಮೇಲೆ ಆ ಕಲ್ಲಿನ ಕಟ್ಟಡದಲ್ಲಿ ಮೊದಲು ಅಕ್ಕಿ ಮೂಟೆ ಇದ್ದವು, ಕೊನೆಯ ಹನ್ನೆರಡು ವರ್ಷ ಮೆಣಸಿನಕಾಯಿ ಚೀಲ. ಈಗ ಕಟ್ಟಿಸಿದವರ ಮೊಮ್ಮಗ ವಿರೂಪಾಕ್ಷಪ್ಪ, ತಾತನ ಸಾಲಿ ಮತ್ತೆ ನಡೆಯಲಿ ಎಂದು ಕೀಲಿಯನ್ನು ಮೇಷ್ಟ್ರ ಕೈಗೆ ಕೊಟ್ಟಿದ್ದ.

"ನೀ ಬಂದು ಪಾಠ ಶುರು ಮಾಡು," ಅಂದರು ಮೇಷ್ಟ್ರು.

ಶೈಲಜಾ ಅವರ ಕಿವಿಯ ಹತ್ತಿರ ಬಗ್ಗಿದಳು. "ಮೇಷ್ಟ್ರೆ, ನನಗ ದನಿ ಇಲ್ಲ."

"ಗೊತ್ತೈತವ್ವ. ಆ ಸುದ್ದಿ ಕೇಳಿ ಕುಂತು ಅತ್ತೀನಿ. ಆದ್ರ ನನ್ನ ನೆನಪು ಜರಡಿ ಆಗೇತಿ. ಅಲ್ಲಿ ಕಲ್ತು ಎಲ್ಲಾ ನೆನಪಿಟ್ಟಾಕಿ ನೀ ಒಬ್ಬಾಕಿನ."

"ದನಿ ಇಲ್ಲದಾಕಿ ಏನು ಕಲಸ್ಲಿ?"

ಮೇಷ್ಟ್ರು ಕೀಲಿಕೈಯನ್ನು ಇನ್ನಷ್ಟು ಅವಳ ಕಡೆ ಸರಿಸಿದರು. "ಕಲಸಬ್ಯಾಡ ಬಿಡು. ಬಂದು ಕಸ ಹೊಡಿ. ಆಮ್ಯಾಲ ನೋಡಾಣ."

ಹಾಡು ಎಂದಿದ್ದರೆ ಅವಳು ಹೋಗುತ್ತಿರಲಿಲ್ಲ. ಕಸ ಹೊಡೆ ಎಂದದ್ದಕ್ಕೆ ಮುಂದಿನ ಭಾನುವಾರ ಸೆರಗು ಕಟ್ಟಿ ಹೊರಟಳು.

ಬಾಗಿಲು ತೆಗೆದ ಐದು ನಿಮಿಷಕ್ಕೆ ಅವಳೂ ಮೇಷ್ಟ್ರೂ ವಿರೂಪಾಕ್ಷಪ್ಪನೂ ಸೀನುತ್ತ ಹೊರಗೆ ಬಂದರು. ಹನ್ನೆರಡು ವರ್ಷದ ಮೆಣಸಿನಕಾಯಿ ಘಾಟು ಗೋಡೆ, ತೊಲೆ, ನೆಲದ ಸಂದಿಗಳಲ್ಲೆಲ್ಲ ಕೂತುಬಿಟ್ಟಿತ್ತು. ವಿರೂಪಾಕ್ಷಪ್ಪ ಮೂಗಿಗೆ ಟವೆಲು ಕಟ್ಟಿಕೊಂಡು, "ಸರಸ್ವತಿಗೆ ದೃಷ್ಟಿ ತಗದಂಗಾತು ಬಿಡ್ರಿ," ಅಂದ. ನೆಲ ತೊಳೆದರು, ತೊಲೆ ಒರೆಸಿದರು, ಮೂರು ಕೈ ಸುಣ್ಣ ಹೊಡೆಸಿದರು. ಆದರೂ ಉಸಿರು ಎಳೆದು ಒಂದು ಸ್ವರ ಹಿಡಿದರೆ ಗಂಟಲು ಕೆರೆಯುತ್ತಿತ್ತು. ಎರಡು ವಾರ ಬಾಗಿಲು ಕಿಟಕಿ ತೆಗೆದಿಟ್ಟು ಗಾಳಿಗೆ ಬಿಟ್ಟ ಮೇಲೆ ಒಳಗೆ ಕೂರುವ ಹಾಗಾಯಿತು.

ಒಳಗೆ ಕೂತು ಮೇಷ್ಟ್ರೂ ಶೈಲಜಾಳೂ ದರುವುಗಳ ಪಟ್ಟಿ ಬರೆಯತೊಡಗಿದರು. ಮೂವತ್ತಕ್ಕೆ ನಿಂತಿತು. ಶೈಲಜಾ ಎಷ್ಟು ತಡಕಾಡಿದರೂ ಮೂವತ್ತೊಂದನೆಯದು ಬರಲಿಲ್ಲ.

"ನಿನಗ ಬರಂಗಿಲ್ಲ," ಅಂದರು ಮೇಷ್ಟ್ರು. "ನಾ ಕಲಿಸಿದ್ದೇ ಮೂವತ್ತು. ಉಳಿದ ಮೂವತ್ತು ಮುಖವೀಣಿ ಮಾರೆಣ್ಣನ ಜೋಡಿ ಹೋದ್ವು."

ಮಾರೆಣ್ಣನ ಹೆಸರನ್ನು ಶೈಲಜಾ ಕೇಳಿದ್ದು ಅದೇ ಮೊದಲು. ಮುಖವೀಣೆ ಎಂದರೆ ಸಣ್ಣ ಓಲಗದಂಥದು; ಹಿಂದೆ ದೊಡ್ಡಾಟಕ್ಕೆ ಅದೇ ಜೊತೆ. ಸಿರುಗುಪ್ಪದ ಹತ್ತಿರ ಕೆಂಚನಗುಡ್ಡದ ಮಾರೆಣ್ಣ ಶಾಲೆ ನಡೆಯುವ ದಿನ ಬಂದು ಊದುತ್ತಿದ್ದರಂತೆ. ಆಮೇಲೆ ಬರುವುದು ಬಿಟ್ಟರು. ಯಾಕೆ ಬಿಟ್ಟರು ಎಂದು ಅವಳು ಕೇಳಿದಾಗ ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿದರು. "ಮಾರೆಣ್ಣ ತೀರಿಕೊಂಡು ಭಾಳ ವರ್ಷಾತು. ಮಗಳು ಸಿರುಗುಪ್ಪದಾಗ ಅದಾಳಂತ," ಅಂದರು, ಅಷ್ಟೆ.

ಇಬ್ಬರೂ ಸಿರುಗುಪ್ಪದ ಬಸ್ಸು ಹತ್ತಿದರು. ಕಾಲುವೆ ನೀರು ಬಿಟ್ಟಿದ್ದರು. ದಾರಿಯುದ್ದಕ್ಕೂ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಮಾರೆಣ್ಣನ ಮಗಳು ಉಚ್ಚೆಂಗೆಮ್ಮ ಸಿಕ್ಕಿದ್ದು ಒಂದು ಅಕ್ಕಿ ಗಿರಣಿಯ ಹಿಂದಿನ ಕಣದಲ್ಲಿ. ಕುದಿಸಿದ ಭತ್ತವನ್ನು ಬಿಸಿಲಿಗೆ ಹರವಿ ಏಳೆಂಟು ಹೆಂಗಸರು ಕಾಲಿನಿಂದ ಗೆರೆ ಎಳೆಯುತ್ತ ಹೊರಳಿಸುತ್ತಿದ್ದರು. ಅವರಲ್ಲಿ ಒಬ್ಬರು ಹಾಡುತ್ತಿದ್ದರು. ಗಿರಣಿಯ ಸದ್ದನ್ನು ಪಕ್ಕಕ್ಕೆ ಸರಿಸಿ ನಿಲ್ಲುವಂಥ ಕಂಠ. ನಡೆಯುತ್ತಿದ್ದ ಶೈಲಜಾ ನಿಂತುಬಿಟ್ಟಳು. ಆ ಹಾಡು ಅವಳಿಗೆ ಗೊತ್ತಿತ್ತು, ಅವಳೇ ನೂರಾರು ಸಲ ಹಾಡಿದ್ದಳು.

ಯಾರು ಬಂದಾರ ನೋಡೆ ಬಾಗಿಲ ತೆಗೆದು, ಊರ ದಾಟಿ ಹೊಳಿಯ ದಾಟಿ.

ಗೊತ್ತಿದ್ದರೂ ಎಲ್ಲೋ ಬೇರೆಯಾಗಿ ಕೇಳಿಸುತ್ತಿತ್ತು. ಸಾಲಿನ ನಡುವೆ ಹಾಡು ಇದ್ದಕ್ಕಿದ್ದಂತೆ ನಿಂತು, ಮತ್ತೆ ಹೊರಡುತ್ತಿತ್ತು. ಕಾಲು ಹೊರಳಿಸುವ ಕೆಲಸಕ್ಕೆ ಹಾಗೆ ನಿಲ್ಲಿಸುತ್ತಿರಬೇಕು ಎಂದುಕೊಂಡಳು.

ಹಾಡುತ್ತಿದ್ದವರೇ ಉಚ್ಚೆಂಗೆಮ್ಮ, ಐವತ್ತಾರು ವರ್ಷ. ಬಂದ ಕೆಲಸವನ್ನು ಮೇಷ್ಟ್ರು ಹೇಳಿದರು. ಅವರು ಸೊಂಟಕ್ಕೆ ಕೈ ಕೊಟ್ಟು ಪೂರಾ ಕೇಳಿದರು.

"ಅರವತ್ತೂ ಬರ್ತಾವ್ರಿ. ನಮ್ಮಪ್ಪ ಸಾಯೋ ತನಕ ಮನ್ಯಾಗ ಹಾಡ್ತಿದ್ದ, ಊದ್ತಿದ್ದ. ನಾ ಸಣ್ಣಾಕಿ ಇದ್ದಾಗ ಅವನ ಜೋಡಿ ನಿಮ್ಮ ಸಾಲಿಗೆ ಬರ್ತಿದ್ದೆ. ಹನ್ನೆರಡು ವರ್ಷ ಊದ್ಯಾನ ಅಲ್ಲಿ. ಒಳಗಲ್ಲ, ಹೊರಗ, ಜಗಲಿ ಮ್ಯಾಲ ಕುಂತು. ಮಳಿ ಬಂದ್ರ ಜಗಲಿ ಮ್ಯಾಲ, ಬಿಸಲಿದ್ರೂ ಜಗಲಿ ಮ್ಯಾಲ." ಅವರು ಮೇಷ್ಟ್ರನ್ನು ಬಿಟ್ಟು ಶೈಲಜಾಳ ಮುಖ ನೋಡಿದರು. "ನಾ ಬಂದ್ರ ಎಲ್ಲಿ ಕುಂದ್ರಬೇಕ್ರಿ?"

ಶೈಲಜಾಳ ಗಂಟಲಿನಿಂದ ಗಾಳಿಯಷ್ಟೇ ಬಂತು. ಹತ್ತಿರ ಹೋಗಿ, ಉಚ್ಚೆಂಗೆಮ್ಮನ ಕೈ ಹಿಡಿದು, ಮತ್ತೊಮ್ಮೆ ಹೇಳಿದಳು. "ನನ್ನ ಪಕ್ಕದಾಗ ಅಕ್ಕಾರ. ಒಳಗ."

ಕೊಟ್ರಬಸಪ್ಪ ಮೇಷ್ಟ್ರು ತಲೆ ತಗ್ಗಿಸಿ ನಿಂತಿದ್ದರು.

ಹೀಗೆ ಪಾಠ ಶುರುವಾಯಿತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಉಚ್ಚೆಂಗೆಮ್ಮ ಸಿರುಗುಪ್ಪದಿಂದ ಬಂದು ಸಿರಿಗೇರಿ ಕ್ರಾಸಿನಲ್ಲಿ ಬಸ್ಸು ಬದಲಿಸುತ್ತಿದ್ದರು; ಶೈಲಜಾ ಬಳ್ಳಾರಿಯಿಂದ ಬರುತ್ತಿದ್ದಳು. ಮೊದಲ ವಾರ ಹನ್ನೊಂದು ಮಕ್ಕಳು. ಮುಂದಿನ ವಾರ ಒಬ್ಬ ತಾಯಿ ಬಾಗಿಲಲ್ಲಿ ನಿಂತು, ಕಲಿಸುವವರು ಯಾರೆಂದು ನೋಡಿ, ಮಗಳನ್ನು ಎಬ್ಬಿಸಿಕೊಂಡು ಹೋದಳು. ವಿರೂಪಾಕ್ಷಪ್ಪ ಎದ್ದು ಹೋಗಿ, ಮನೆಯಲ್ಲಿ ಟಿವಿ ನೋಡುತ್ತಿದ್ದ ತನ್ನ ಮೊಮ್ಮಗಳು ಅಕ್ಷತಾಳನ್ನು ಕರೆತಂದು ಆ ಜಾಗದಲ್ಲಿ ಕೂರಿಸಿದ. ಮಕ್ಕಳು ಮತ್ತೆ ಹನ್ನೊಂದೇ ಆದವು.

ಶೈಲಜಾಳ ಮಾತು ಮಕ್ಕಳಿಗೆ ಕೇಳುತ್ತಿರಲಿಲ್ಲ. ಅವಳು ಕೈಯಲ್ಲಿ ತಾಳ ಹಾಕುತ್ತಿದ್ದಳು, ಸ್ವರ ಏರಿದರೆ ಬೆರಳು ಏರಿಸುತ್ತಿದ್ದಳು, ತಪ್ಪಿದರೆ ಹುಬ್ಬು ಗಂಟಿಕ್ಕುತ್ತಿದ್ದಳು. ಹಾಡುತ್ತಿದ್ದವರು ಉಚ್ಚೆಂಗೆಮ್ಮ. ಮೇಷ್ಟ್ರು ಹಾರ್ಮೋನಿಯಂ ಹಿಡಿಯುತ್ತಿದ್ದರು. ಹೊರಗಿನವರಿಗೆ ಚೆಂದ ಕಾಣುತ್ತಿತ್ತು. ಒಳಗೆ ಮಾತ್ರ ಪ್ರತಿ ವಾರ ಜಗ್ಗಾಟ. ಉಚ್ಚೆಂಗೆಮ್ಮ ಸಾಲಿನ ನಡುವೆ ನಿಲ್ಲಿಸಿದಾಗಲೆಲ್ಲ ಶೈಲಜಾ ಕೈ ಆಡಿಸಿ, ನಿಲ್ಲಬೇಡಿ, ಮುಂದೆ ಹೋಗಿ ಎಂದು ಸನ್ನೆ ಮಾಡುತ್ತಿದ್ದಳು. ಶಾಲೆಯಲ್ಲಿ ತಾನು ಕಲಿತದ್ದು ಸಾಲು ಮುರಿಯದ ಹಾಡು. ಅದೇ ಸರಿ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಐದನೆಯ ಭಾನುವಾರ, ಒಂದೇ ಸಾಲನ್ನು ಏಳು ಸಲ ಹಾಡಿಸಿದಳು. ಎಂಟನೆಯ ಸಲಕ್ಕೆ ಕೈ ಎತ್ತಿದಾಗ ಉಚ್ಚೆಂಗೆಮ್ಮ ಎದ್ದು ನಿಂತರು.

"ಮೇಡಂ, ನೀವು ಕೈ ಮಾಡಿದ್ರ ಹಾಡಾಕ ನಾ ಏನು ಟೇಪ್ ರೆಕಾರ್ಡರ್ ಅಲ್ಲ. ನಮ್ಮಪ್ಪನ ಹಾಡು ಬೇಕಾದ್ರ ಅವನು ಹಾಡಿದಂಗ ಕೇಳ್ರಿ. ನಿಮ್ಮ ಹಾಡು ಬೇಕಾದ್ರ ನೀವ ಹಾಡ್ರಿ."

ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೂ ಹೊಳೆದಿರಬೇಕು. ಮುಖ ಸಪ್ಪಗಾಯಿತು. ಆದರೂ ಚೀಲ ತೆಗೆದುಕೊಂಡು ಹೊರಟೇಬಿಟ್ಟರು.

ಮುಂದಿನ ಭಾನುವಾರ ಅವರು ಬರಲಿಲ್ಲ. ಮಕ್ಕಳು ಬಂದು ಕೂತಿದ್ದರು. ಮೇಷ್ಟ್ರಿಗೆ ಆ ವಾರ ಕೆಮ್ಮು, ಅವರೂ ಇಲ್ಲ. ಶೈಲಜಾ ಹನ್ನೊಂದು ಮಕ್ಕಳ ಮುಂದೆ ಕೂತು ತಾಳ ಹಾಕಿದಳು. ಮಕ್ಕಳು ಎರಡು ಸಾಲು ಹಾಡಿ ನಿಂತು ಅವಳ ಬಾಯಿ ನೋಡಿದರು. ಮುಂದಿನ ಸಾಲು ಅವಳ ತಲೆಯಲ್ಲಿ ಸ್ಪಷ್ಟವಾಗಿ ನಡೆಯುತ್ತಿತ್ತು. ಹೊರಗೆ ತರಲು ದಾರಿ ಇರಲಿಲ್ಲ. "ಮಿಸ್, ಉಚ್ಚೆಂಗಮ್ಮಜ್ಜಿ ಯಾವಾಗ ಬರ್ತಾರ?" ಎಂದು ಅಕ್ಷತಾ ಕೇಳಿದಳು. ಶೈಲಜಾ ಮಕ್ಕಳನ್ನು ಮನೆಗೆ ಕಳಿಸಿ, ಬಾಗಿಲಿಗೆ ಬೀಗ ಹಾಕಿ, ಬಳ್ಳಾರಿ ಬಸ್ಸಿಗೆ ಬದಲು ಸಿರುಗುಪ್ಪದ ಬಸ್ಸು ಹತ್ತಿದಳು.

ಗಿರಣಿಗೆ ರಜೆಯಿತ್ತು. ಮನೆ ಹುಡುಕಿಕೊಂಡು ಹೋದಳು. ಉಚ್ಚೆಂಗೆಮ್ಮ ಬಾಗಿಲ ಮುಂದೆ ಜೋಳ ಹಸನು ಮಾಡುತ್ತ ಕೂತಿದ್ದರು. ಇವಳನ್ನು ಕಂಡು ಗಡಬಡಿಸಿ ಎದ್ದರು.

"ಅಯ್ಯೋ, ಬಿಸಲಾಗ ಬಂದೀರಲ್ಲ. ಬರ್ರಿ, ಒಳಗ ಬರ್ರಿ." ಮಜ್ಜಿಗೆ ಕೊಟ್ಟರು. ಫ್ಯಾನು ಹಾಕಿದರು. ಅದರ ಸದ್ದಿಗೆ ಅವಳ ಮಾತು ಕೇಳುವುದಿಲ್ಲವೆಂದು ನೆನಪಾಗಿ ಮತ್ತೆ ಆರಿಸಿದರು. "ನಾ ಅಂಥಾ ಮಾತು ಆಡಬಾರದಿತ್ರಿ. ಆಡಿದಾಗಿಂದ ಊಟ ಸೇರವಲ್ದು."

"ತಪ್ಪು ನಂದು," ಅಂದಳು ಶೈಲಜಾ. ಉಸಿರು ತೆಗೆದುಕೊಂಡಳು. "ನೀವು ಯಾಕ ನಿಲ್ಲಸ್ತೀರಿ ಅಂತ... ನಾ ಒಂದ ಸಲನೂ ಕೇಳಲಿಲ್ಲ. ಈಗ ಕೇಳಾಕ ಬಂದೀನಿ."

ಉಚ್ಚೆಂಗೆಮ್ಮ ಅವಳನ್ನೇ ನೋಡಿದರು. ಆಮೇಲೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಸಣ್ಣ ಪಡಸಾಲೆಯ ನಡುವೆ ನಿಂತರು.

"ನೀವು ಕುಂತು ಹಾಡಾಕ ಕಲ್ತೀರಿ. ಅದು ಕುಂತು ಹಾಡೋದಲ್ರಿ. ರಾಜನ ಪಾರ್ಟು ಮಾಡೋ ಮನಷ್ಯ ಕಿರೀಟ, ಭುಜಕೀರ್ತಿ ಎಲ್ಲಾ ಹೊತ್ತಿರ್ತಾನ. ಹೊತ್ತು ಕುಣೀತಾನ. ಕುಣಕೋತ ಹಾಡ್ತಾನ. ಅವನಿಗೆ ಉಸರು ತಗಳ್ಳಾಕ ಜಾಗ ಬ್ಯಾಡೇನು? ಯಾರು ಬಂದಾರ ಅಂತಾನ, ನಿಲ್ತಾನ, ಎರಡು ಹೆಜ್ಜಿ ಹಾಕ್ತಾನ. ಆ ಹೊತ್ತಿನಾಗ ನಮ್ಮಪ್ಪ ಮುಖವೀಣಿ ಊದ್ತಿದ್ದ. ನೋಡೇ ಅಂತ ಮತ್ತ ಎತ್ತಾಕ ಇವನು ತಯಾರಾಗ್ಯಾನ ಅಂದ್ರ ಅಪ್ಪ ಊದೋದು ನಿಲ್ಲಸ್ತಿದ್ದ. ಹಾಡು ಇಬ್ಬರದ್ರಿ."

ಹೆಜ್ಜೆ ಹಾಕಿ ತೋರಿಸಿದರು. ಯಾರು ಬಂದಾರ. ಎರಡು ಹೆಜ್ಜೆ. ಆ ಹೆಜ್ಜೆಗಳ ಮೇಲೆ ಬಾಯಲ್ಲೇ ಮುಖವೀಣೆಯ ಸೊಲ್ಲು. ಆಮೇಲೆ ನೋಡೇ. ಮತ್ತೆರಡು ಹೆಜ್ಜೆ. ಶೈಲಜಾ ಮೂವತ್ತು ವರ್ಷ ಹಾಡಿದ ಹಾಡು ಅವಳ ಕಣ್ಣೆದುರು ಎದ್ದು ನಡೆಯುತ್ತಿತ್ತು.

"ಎರಡನೇ ಸಾಲು?" ಎಂದು ಕೇಳಿದಳು.

"ನೀವ ಹೇಳ್ರಿ ನೋಡಾಣ."

ಹೇಳಬೇಕೆಂದೇ ಬಾಯಿ ತೆರೆದಳು. ಊರ ದಾಟಿ ಎಂಬ ಎರಡು ಪದ ಕೆಳಗಿನ ಸ್ಥಾಯಿಯಲ್ಲಿ, ಒಡಕು ದನಿಯಲ್ಲಿ, ಆದರೆ ಸ್ವರದಲ್ಲೇ ಬಂದವು. ಅಷ್ಟಕ್ಕೆ ಉಸಿರು ಮುಗಿಯಿತು. ಮುಗಿದ ಕಡೆಯೇ ಹಾಡಿನ ಜಾಗವೂ ಇತ್ತು. ಉಚ್ಚೆಂಗೆಮ್ಮ ಎರಡು ಹೆಜ್ಜೆ ಹಾಕಿ ಬಾಯಲ್ಲಿ ಮುಖವೀಣೆ ತುಂಬಿದರು. ಶೈಲಜಾ ಅಷ್ಟರಲ್ಲಿ ಉಸಿರು ತೆಗೆದುಕೊಂಡಿದ್ದಳು. ಹೊಳಿಯ ದಾಟಿ, ಅಂದಳು.

ಎರಡು ವರ್ಷದಲ್ಲಿ ಅವಳು ಹಾಡಿದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ಧ್ವನಿಗೆ ಕಸರತ್ತು ಮಾಡಿಸುವವರು ವಾರವಾರ ಬಾ ಎಂದಿದ್ದರು, ಇವಳೇ ಬಿಟ್ಟಿದ್ದಳು. ಮೊದಲಿನ ಹಾಗೆ ಎಳೆದು ಹಾಡಲಾಗದ ಮೇಲೆ ಹಾಡಿ ಏನು ಮಾಡುವುದೆಂದು. ಇಲ್ಲಿ ಎಳೆಯುವ ಅಗತ್ಯವೇ ಇರಲಿಲ್ಲ. ಇಬ್ಬರೂ ದರುವನ್ನು ಪೂರ್ತಿ ಮುಗಿಸಿದರು. ಮುಗಿದ ಮೇಲೆ ಶೈಲಜಾ ಗೋಡೆಗೆ ಒರಗಿ ಅಳುವುದಕ್ಕೆ ಶುರು ಮಾಡಿದಳು. ಉಚ್ಚೆಂಗೆಮ್ಮ ಹತ್ತಿರ ಬಂದು ಕೂತು ಅವಳ ಬೆನ್ನು ಸವರಿದರು.

"ಅಳಬ್ಯಾಡ ಶೈಲಮ್ಮ. ದನಿ ಚೆನ್ನಾಗೈತಿ. ನಮ್ಮಪ್ಪಂದು ಕಡೀಕ ಹಿಂಗ ಇತ್ತು."

ಮೇಡಂ ಹೋಗಿ ಶೈಲಮ್ಮ ಆಗಿದ್ದು, ರೀ ಬಿಟ್ಟುಹೋಗಿದ್ದು ಇಬ್ಬರ ಗಮನಕ್ಕೂ ಬರಲಿಲ್ಲ.

ಮರುದಿನ ಅವಳು ಮೇಷ್ಟ್ರ ಮನೆಗೆ ಹೋದಳು. ಕೆಮ್ಮು ಇಳಿದಿತ್ತು. ಮಂಚದ ಪಕ್ಕ ಕೂತು ಉಸಿರಿನ ಜಾಗದ ಸಂಗತಿಯೆಲ್ಲ ಹೇಳಿದಳು. ಹೇಳುವಾಗ ಅವಳಿಗೆ ಖುಷಿ. ಮೇಷ್ಟ್ರ ಮುಖ ಮಾತ್ರ ಬಾಡುತ್ತ ಹೋಯಿತು.

"ನನಗ ಗೊತ್ತಿತ್ತವ್ವ," ಅಂದರು.

ನಾಲ್ವತ್ತನಾಲ್ಕು ವರ್ಷದ ಹಿಂದೆ ಅವರು ಶಾಲೆಗೆ ಮುಖ್ಯ ಮೇಷ್ಟ್ರಾದಾಗ ಬಳ್ಳಾರಿಯಿಂದ ಹಾರ್ಮೋನಿಯಂ ತಂದರು. ಹಾರ್ಮೋನಿಯಂ ಬಂದ ಮೇಲೆ ಉಸಿರಿನ ಜಾಗ ಖಾಲಿ ಬಿಡುವುದು ಅವರಿಗೆ ಹಳ್ಳಿ ಆಟದ ಒರಟುತನ ಅನ್ನಿಸಿತು. ಸಾಲುಗಳನ್ನು ಕೂಡಿಸಿಬಿಟ್ಟರು. ಕೂಡಿಸಿದ ಮೇಲೆ ಮುಖವೀಣೆಗೆ ಊದಲು ಜಾಗವಿರಲಿಲ್ಲ. ಒಂದು ದಿನ ಮಾರೆಣ್ಣ ಜಗಲಿಯ ಮೇಲೆ ಇಡೀ ಬೆಳಿಗ್ಗೆ ಕೂತು, ಒಂದು ಸಲವೂ ಊದದೆ, ಮುಖವೀಣೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದು ಹೋದರು. ಮತ್ತೆ ಬರಲಿಲ್ಲ.

"ಕರಿಯಾಕ ಹೋಗಬೇಕಿತ್ತು. ಹೋಗಲಿಲ್ಲ. ಅವ ಬರದಿದ್ದು ನನಗ ಹಗುರಾತು ಅವತ್ತು. ಕೂಡಿಸಾಕ ಬರದಿದ್ದ ಮೂವತ್ತು ದರುವು ಕಲಸೋದು ಬಿಟ್ಟೆ. ಮಕ್ಕಳಿಗೆ ನಿಂತು ಕುಣಿಯೋದು ತಪ್ಪಿಸಿದೆ. ಸಾಲಿ ಮುಚ್ಚಿದ್ದು ಮಕ್ಕಳು ಬರದಕ್ಕ ಅಂತ ಎಲ್ಲರಿಗೂ ಹೇಳ್ತೀನಿ. ಯಾಕ ಬರಲಿಲ್ಲ ಅಂತ ಹೇಳಂಗಿಲ್ಲ."

ಶೈಲಜಾ ಅವರ ಮುಖ ನೋಡಿದಳು. ತನಗೆ ಹಾಡು ಕೊಟ್ಟ ಮನುಷ್ಯ. ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಭಾನುವಾರ ಉಚ್ಚೆಂಗೆಮ್ಮ ಬಂದಾಗ ಮೇಷ್ಟ್ರು ಬಾಗಿಲ ಬಳಿ ಕಾಯುತ್ತಿದ್ದರು. ಶೈಲಜಾಳಿಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದರು, ಮಕ್ಕಳ ಎದುರಿನಲ್ಲೇ. ಕೊನೆಗೆ, "ನಿಮ್ಮಪ್ಪನ ಹತ್ರ ಹೇಳಬೇಕಿತ್ತು, ಹೇಳಲಿಲ್ಲ. ನಿನ್ನ ಹತ್ರ ಹೇಳಾಕತ್ತೀನವ್ವ, ತಪ್ಪಾತು," ಎಂದು ಕೈ ಮುಗಿದರು.

ಉಚ್ಚೆಂಗೆಮ್ಮ ಜಗಲಿಯ ಮೇಲೆ ಹೋಗಿ ಸ್ವಲ್ಪ ಹೊತ್ತು ಒಬ್ಬರೇ ಕೂತರು. ಮಕ್ಕಳು ಗುಸುಗುಸು ಮಾಡುತ್ತಿದ್ದವು. ಶೈಲಜಾ ಕೈ ಎತ್ತಿ ಸುಮ್ಮನಿರಿಸಿದಳು. ಆಮೇಲೆ ಅವರು ಒಳಗೆ ಬಂದರು. ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆಯನ್ನು ಮೂಲೆಗೆ ತಳ್ಳಿಬಿಟ್ಟಿದ್ದರು.

"ಅದನ್ಯಾಕ ಅಲ್ಲಿ ಇಟ್ರಿ?" ಅಂದರು ಉಚ್ಚೆಂಗೆಮ್ಮ. "ಮಕ್ಕಳಿಗೆ ಶ್ರುತಿ ಬೇಕಲ್ಲ. ತರ್ರಿ ಇಲ್ಲಿ. ಬಾಯಿ ಮುಚ್ಚೋ ಜಾಗದಾಗ ಅದರ ಬಾಯೂ ಮುಚ್ಚಸ್ರಿ, ಅಷ್ಟ ಸಾಕು."

ಮೇಷ್ಟ್ರು ನಕ್ಕರು. ನಗುವಿನ ಜೊತೆ ಕೆಮ್ಮೂ ಬಂತು. ಅವತ್ತು ಹನ್ನೊಂದು ಮಕ್ಕಳೂ ಎದ್ದು ನಿಂತು ಹಾಡಿದವು. ಎರಡು ಪದ, ಎರಡು ಹೆಜ್ಜೆ. ಕಲ್ಲು ಹಾಸಿನ ಮೇಲೆ ಇಪ್ಪತ್ತೆರಡು ಕಾಲು ಬಿದ್ದ ಸದ್ದಿಗೆ ಬೀದಿಯಲ್ಲಿ ಹೋಗುವವರು ನಿಂತು ಒಳಗೆ ಇಣುಕಿದರು. ಮುಂದಿನ ತಿಂಗಳು ಮಕ್ಕಳು ಹದಿನಾರಾದರು. ಎಬ್ಬಿಸಿಕೊಂಡು ಹೋಗಿದ್ದ ಆ ಹುಡುಗಿ ಬಾಗಿಲ ಹತ್ತಿರ ಬಂದು ನಿಲ್ಲತೊಡಗಿದಳು. ಮಳೆಗಾಲ ಶುರುವಾಗುವ ಹೊತ್ತಿಗೆ ತಾಯಿಯೇ ಒಳಗೆ ಕಳಿಸಿ ಹೋದಳು. ಯಾರೂ ಏನೂ ಕೇಳಲಿಲ್ಲ.

ಎಲ್ಲವೂ ಸರಿಹೋಯಿತು ಎಂದೇನಲ್ಲ. ಮಾರೆಣ್ಣನ ಮುಖವೀಣೆಯನ್ನು ಉಚ್ಚೆಂಗೆಮ್ಮ ತಂದುಕೊಟ್ಟರು, ಆದರೆ ಅದನ್ನು ಊದುವವರು ಸುತ್ತಮುತ್ತ ಯಾರೂ ಸಿಗಲಿಲ್ಲ. ಸಿರುಗುಪ್ಪದಲ್ಲಿ ಮದುವೆಗಳಿಗೆ ಶಹನಾಯಿ ನುಡಿಸುವ ಹುಸೇನ್ ಸಾಬರು ಊದುವ ತುದಿಗೆ ಹೊಸ ಪೀಪಿ ಕೂರಿಸಿ ಪ್ರಯತ್ನ ಮಾಡಿದರು. ಬಾತುಕೋಳಿ ಕೂಗಿದಂಥ ಸದ್ದು ಬಂದು ಮಕ್ಕಳು ಹೊಟ್ಟೆ ಹಿಡಿದು ನಕ್ಕವು. ಸಾಬರೂ ನಕ್ಕರು. ಆದರೂ ತಿಂಗಳಿಗೊಮ್ಮೆ ಬರುತ್ತಾರೆ, ಊದುತ್ತಾರೆ. ಮೂರು ಸ್ವರ ಈಗ ನೆಟ್ಟಗೆ ನಿಲ್ಲುತ್ತವೆ. ಉಳಿದವೂ ನಿಲ್ಲುವವರೆಗೆ ಉಸಿರಿನ ಜಾಗವನ್ನು ಉಚ್ಚೆಂಗೆಮ್ಮ ಬಾಯಲ್ಲೇ ತುಂಬುತ್ತಾರೆ. ಶೈಲಜಾ ಧ್ವನಿಯ ಕಸರತ್ತಿಗೆ ಮತ್ತೆ ಹೋಗತೊಡಗಿದಳು. ಮೇಲಿನ ಸ್ವರಗಳು ಬರಲಿಲ್ಲ, ಬರುವುದಿಲ್ಲ ಎಂದು ಕಸರತ್ತು ಮಾಡಿಸುವವರೂ ಹೇಳಿದರು. ಅವಳು ಕೆಳಗಿನದರಲ್ಲೇ ಹಾಡುತ್ತಾಳೆ. ಉಚ್ಚೆಂಗೆಮ್ಮನಿಗೆ ಮರೆತುಹೋಗುವ ಮೊದಲು ಎಂದು, ಅವರು ಹಾಡಿದ್ದನ್ನು ಹಾಡಿದ ಹಾಗೆ, ನಿಲ್ಲುವ ಜಾಗದ ಸಮೇತ ಪುಸ್ತಕಕ್ಕೆ ಇಳಿಸುತ್ತಿದ್ದಾಳೆ. ಈಗ ಮೂವತ್ತೆಂಟು ಆಗಿವೆ. ಮನೆಯಲ್ಲಿ ಬರೆಯಲು ಕೂತಾಗ ಕೆಳಗಿನ ಮಷೀನುಗಳ ಸದ್ದು ಅವಳಿಗೆ ಅಡ್ಡಿಯಾಗುವುದಿಲ್ಲ, ಅಮರೇಶನೇ ಆಗಾಗ ಬಂದು, "ನಿಲ್ಲಸ್ಲೇನು?" ಎಂದು ಕೇಳಿ ಹೋಗುತ್ತಾನೆ.

ಈ ವರ್ಷ ಸಂಕ್ರಾಂತಿಯ ಮುಂದಿನ ಭಾನುವಾರ ಶಾಲೆಗೆ ಒಂದು ವರ್ಷ ತುಂಬಿತೆಂದು ವಿರೂಪಾಕ್ಷಪ್ಪ ಮಧ್ಯಾಹ್ನ ಮೂರಕ್ಕೆ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡ. ಒಳಗಿನ ಗೋಡೆಯ ಮೇಲೆ ಹಿಂದಿನ ಮೇಷ್ಟ್ರುಗಳ ಫೋಟೋ ಸಾಲಾಗಿದ್ದವು. ಮಾರೆಣ್ಣನದೂ ಹಾಕೋಣವೆಂದರೆ ಅವರದು ಒಂದೂ ಫೋಟೋ ಇರಲಿಲ್ಲ. ಕೊನೆಗೆ ಪೇಂಟರನ್ನು ಕರೆಸಿ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದರು: ಮಾರೆಣ್ಣ, ಮುಖವೀಣೆ, ಕೆಂಚನಗುಡ್ಡ. ಉಚ್ಚೆಂಗೆಮ್ಮನಿಗೆ ಓದಲು ಬಾರದು. ಅಕ್ಷತಾಳನ್ನು ಕರೆದು ಓದಿಸಿದರು. ಅವಳು ಓದಿದಳು. ಇನ್ನೊಮ್ಮೆ ಓದು ಅಂದರು. ಓದಿದಳು. ಅವರು ತಲೆ ಮೇಲೆ ಸೆರಗು ಎಳೆದುಕೊಂಡು, ಗೋಡೆಗೆ ಕೈ ತಾಗಿಸದೆ, ಅಕ್ಷರಗಳ ಮುಂದೆ ಬಹಳ ಹೊತ್ತು ನಿಂತರು.

ಹತ್ತೊಂಬತ್ತು ಮಕ್ಕಳು ಹಾಡಿ ಕುಣಿದ ಮೇಲೆ ವಿರೂಪಾಕ್ಷಪ್ಪ ಮೈಕನ್ನು ಶೈಲಜಾಳ ಕೈಗೆ ಕೊಟ್ಟ. ಅವಳು ಬೇಡ ಎಂದು ತಲೆ ಆಡಿಸಿದಳು. ಹಿಂದಿನ ಸಾಲಿನಲ್ಲಿ ಅಮರೇಶ್ ಎದ್ದು ನಿಂತು ಫ್ಯಾನುಗಳನ್ನೆಲ್ಲ ಆರಿಸಿದ. ಜನ ಸುಮ್ಮನಾದರು. ಅವಳು ಮೈಕನ್ನು ತುಟಿಗೆ ಹತ್ತಿರ ಹಿಡಿದಳು.

"ನನ್ನ ಜೀವ ಉಳಿಸಿದ ಡಾಕ್ಟರಿಗೆ..." ಉಸಿರು ತೆಗೆದುಕೊಂಡಳು. "ಕಸ ಹೊಡಿಯಾಕ ಕರೆದ ಮೇಷ್ಟ್ರಿಗೆ..." ಮೇಷ್ಟ್ರು ಮುಂದಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. "ಮಷೀನು ನಿಲ್ಲಿಸಿದವರಿಗೆ, ಜಾಗ ಕೊಟ್ಟವರಿಗೆ, ಮಕ್ಕಳನ್ನ ಕಳಿಸಿದ ತಾಯಂದಿರಿಗೆ... ನಾನು ಎಲ್ಲರಿಗೂ ಋಣಿ. ಒಬ್ಬರಿಗೆ ಮಾತ್ರ ಹೆಂಗ ಹೇಳಬೇಕು ಗೊತ್ತಾಗವಲ್ದು. ಅವರು ತಮ್ಮ ಅಪ್ಪನ್ನ ಹೊರಗ ಕುಂದ್ರಿಸಿದ ಸಾಲಿಗೆ ಬಂದು..."

ಮುಂದೆ ಹೋಗಲಾಗಲಿಲ್ಲ. ಅದು ಉಸಿರಿನ ತೊಂದರೆಯಾಗಿರಲಿಲ್ಲ. ಮೈಕಿನಲ್ಲಿ ಗಾಳಿಯ ಸದ್ದಷ್ಟೇ ಕೇಳುತ್ತಿತ್ತು. ಉಚ್ಚೆಂಗೆಮ್ಮ ಪಕ್ಕದಿಂದ ಅವಳ ಮೊಣಕೈ ತಿವಿದರು.

"ಶೈಲಮ್ಮ, ಜಲ್ದಿ ಮುಗಸು. ಐದೂವರಿ ಬಸ್ಸು ಹೋದ್ರ ಆಮ್ಯಾಲ ಏಳಕ್ಕ ಐತಿ."

ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು. ಇಡೀ ಶಾಲೆ ನಕ್ಕಿತು. ಶೈಲಜಾ ಕಣ್ಣೊರೆಸಿಕೊಂಡು ನಕ್ಕಳು. ಮೈಕನ್ನು ವಿರೂಪಾಕ್ಷಪ್ಪನ ಕೈಗೆ ಕೊಟ್ಟು, ಬಗ್ಗಿ ಉಚ್ಚೆಂಗೆಮ್ಮನ ಕಾಲು ಮುಟ್ಟಿದಳು. ಅವರು "ಏಯ್, ಏನಿದು ಹುಚ್ಚಿ" ಎಂದು ಹಿಂದೆ ಸರಿಯುವಷ್ಟರಲ್ಲಿ ಮುಟ್ಟಿಯಾಗಿತ್ತು.

ಬಸ್ ಸ್ಟ್ಯಾಂಡಿನವರೆಗೆ ಇಬ್ಬರೂ ಬೇಗ ಬೇಗ ನಡೆದರು. ಕೈಯಲ್ಲಿ ಮಕ್ಕಳು ಕಟ್ಟಿಕೊಟ್ಟ ಎಳ್ಳು ಬೆಲ್ಲದ ಪೊಟ್ಟಣ. ಬಸ್ಸು ಹೊರಡುವುದರಲ್ಲಿತ್ತು. ಉಚ್ಚೆಂಗೆಮ್ಮ ಹತ್ತಿ ಕಿಟಕಿ ಪಕ್ಕ ಕೂತು, ಪೊಟ್ಟಣ ಬಿಚ್ಚಿ ಪಕ್ಕದ ಸೀಟಿನ ಹೆಂಗಸಿಗೆ ಆಗಲೇ ಹಂಚುತ್ತಿದ್ದರು. ಬಸ್ಸು ತಿರುವು ದಾಟುವವರೆಗೆ ಶೈಲಜಾ ನಿಂತು ನೋಡಿದಳು. ಆಮೇಲೆ ಜಮಖಾನ ಮಡಚುವುದು ಬಾಕಿ ಇದೆಯೆಂದು ನೆನಪಾಗಿ ಶಾಲೆಯ ಕಡೆ ಹೊರಟಳು.